ಒಂಬತ್ತು ದಿನದ ಕಾರು

ಮೀಟರ್ ಮಾಮ ನೀರಿನ ಇಲಾಖೆಯಲ್ಲಿ ಮೂವತ್ತಮೂರು ವರ್ಷ ಮೀಟರ್ ಓದಿದವರು. ಓದಿದವರು ಎಂದರೆ ನಿಜಕ್ಕೂ ಓದಿದವರು. ಗೇಟಿನಾಚೆ ನಿಂತು, ಹೋದ ತಿಂಗಳ ಅಂಕಿಗೆ ಅಂದಾಜಿನ ಮೇಲೆ ಒಂದಿಷ್ಟು ಸೇರಿಸಿ ಗೀಚಿಕೊಂಡು ಹೋಗುವ ಜಾಣರ ಸಾಲಿಗೆ ಸೇರಿದವರಲ್ಲ. ಗುಂಡಿಯ ಮುಚ್ಚಳ ಎತ್ತಿ, ಜೇಡರ ಬಲೆ ಸರಿಸಿ, ಗಾಜಿನ ಮೇಲಿನ ಕೆಸರನ್ನು ಹೆಬ್ಬೆರಳಿನಿಂದ ಒರೆಸಿ, ಮಂಡಿಯೂರಿ ಓದುತ್ತಿದ್ದರು. ನಿವೃತ್ತರಾಗಿ ಆರು ವರ್ಷವಾದರೂ ಬೀದಿಯವರ ಬಾಯಲ್ಲಿ ಇನ್ನೂ ಮೀಟರ್ ಮಾಮನೇ. ಅವರ ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಪರದೆ, ಶಾಲೆಯ ಯೂನಿಫಾರ್ಮು, ದಿಂಬಿನ ಚೀಲ ಹೊಲಿಯುವವರು. ಹಾಗಾಗಿ ಅವರು ಹೊಲಿಗೆ ಅತ್ತೆ. ಹೆತ್ತವರು ಇಟ್ಟ ಹೆಸರುಗಳು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮಾತ್ರ ಉಳಿದುಕೊಂಡಿವೆ.

ಇಲಾಖೆಗೆ ಹೊಸದಾಗಿ ಸೇರಿದವರಿಗೆ ಮಾಮ ಹೇಳಿಕೊಡುತ್ತಿದ್ದ ಪಾಠ ಒಂದೇ. ಜನ ವಾಸವಿರುವ ಮನೆಯಲ್ಲಿ ಬಳಕೆ ಸೊನ್ನೆ ಬಂತು ಎಂದರೆ ಆ ಮನೆಯವರು ನೀರು ಕುಡಿಯುವುದಿಲ್ಲ ಅಂತ ಅರ್ಥವಲ್ಲ, ಮೀಟರ್ ನಿಂತಿದೆ ಅಂತ ಅರ್ಥ. ಹಗ್ಗದ ಮೇಲೆ ಬಟ್ಟೆ ಒಣಗುತ್ತಿದೆ, ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಕೇಳುತ್ತಿದೆ, ಅಂಕಿ ಮಾತ್ರ ಸೊನ್ನೆ ಎಂದರೆ ಸುಳ್ಳು ಹೇಳುತ್ತಿರುವುದು ಬಟ್ಟೆಯಲ್ಲ, ಪಾತ್ರೆಯೂ ಅಲ್ಲ. ಹೀಗೆ ನಿಂತ ಮೀಟರುಗಳನ್ನು ನೂರಾರು ಹಿಡಿದ ಈ ಮನುಷ್ಯ ತಮ್ಮ ಮನೆಯದೊಂದನ್ನು ಹದಿನಾಲ್ಕು ವರ್ಷ ಹಿಡಿಯಲಿಲ್ಲ. ಅದಕ್ಕೆ ಕಾರಣ ಒಂದು ಕಾರು.

ಕಾರು ಸಿಕ್ಕಿದ್ದೂ ಮೀಟರ್ ಓದಲು ಹೋದಾಗಲೇ. ಮದುವೆಯಾಗಿ ಎರಡನೆಯ ವರ್ಷ, ಅಂದರೆ ಈಗಕ್ಕೆ ಮೂವತ್ತೊಂದು ವರ್ಷದ ಹಿಂದೆ, ಊರಂಚಿನ ದೊಡ್ಡ ಮನೆಯೊಂದರ ಹಿತ್ತಲಲ್ಲಿ ಗುಂಡಿ ಹುಡುಕುತ್ತ ಹೋದವರಿಗೆ ತಗಡಿನ ಶೆಡ್ಡಿನೊಳಗೆ ಎರಡು ದುಂಡು ದೀಪಗಳು ಕಂಡವು. ಕಾರ್ಖಾನೆ ಎಂದೋ ಮುಚ್ಚಿಹೋದ, ನಾಲ್ಕು ಬಾಗಿಲಿನ ಪುಟ್ಟ ಕಾರು. ಬಣ್ಣ ತಿಳಿಹಸಿರು, ಅಥವಾ ಒಂದು ಕಾಲಕ್ಕೆ ಹಾಗಿದ್ದಿರಬೇಕು. ಹಿಂದಿನ ಸೀಟಿನ ಹರಿದ ಹೊಟ್ಟೆಯೊಳಗೆ ಕೋಳಿಯೊಂದು ಕಾವಿಗೆ ಕೂತಿತ್ತು. ಮನೆಯ ಯಜಮಾನಿ ಮುದುಕಿ, ಕಾರು ಬೇಕಿದ್ದರೆ ಕೊಡುತ್ತೇನೆ, ಆದರೆ ಮರಿಯಾಗುವವರೆಗೆ ಕಾಯಬೇಕು ಎಂದರು. ಮಾಮ ಮೂರು ವಾರ ಕಾದರು. ಕೊಟ್ಟದ್ದು ಎರಡು ತಿಂಗಳ ಸಂಬಳ, ಎಳೆದು ತರಲು ಬಾಡಿಗೆ ಬೇರೆ.

ಅದು ಅಂಗಳಕ್ಕೆ ಬಂದ ದಿನ ಅತ್ತೆ ಬಾಗಿಲಲ್ಲಿ ನಿಂತು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಗಾಡಿ ತಯಾರಾದ ವರ್ಷ ಕೇಳಿದರು. ಅದು ತಮಗಿಂತ ಮಾತ್ರವಲ್ಲ, ಗಂಡನಿಗಿಂತಲೂ ಹಿರಿದು ಎಂದು ತಿಳಿದ ಮೇಲೆ, "ಹಾಗಾದ್ರೆ ನಿಮಗೆ ಅಕ್ಕ, ನನಗೆ ನಾದಿನಿ" ಎಂದು ಒಳಗೆ ಹೋದರು. ಅಂದಿನಿಂದ ಅದರ ಹೆಸರು ನಾದಿನಿ. ನಾದಿನಿ ಕೆಮ್ಮುತ್ತಿದ್ದಾಳೆ, ನಾದಿನಿಗೆ ನಾಲ್ಕು ಕಾಲಿಗೂ ಹೊಸ ಚಪ್ಪಲಿ ಬೇಕಂತೆ, ನಾದಿನಿ ಕುಡಿದಷ್ಟು ಎಣ್ಣೆ ಈ ಮನೆಯ ಬಾಣಲೆಯೂ ಕುಡಿದಿಲ್ಲ, ಹೀಗೆ ದಿನಕ್ಕೊಂದು ಮಾತು. ಹೆಂಡತಿಗೆ ಕಾರನ್ನು ಕಂಡರಾಗದು ಎಂದು ಮಾಮ ತೀರ್ಮಾನಿಸಿಬಿಟ್ಟರು. ದಿನಾ ಬೈಯುವುದು ಯಾರನ್ನು, ಬೈಯುವುದನ್ನೂ ಬಿಟ್ಟುಬಿಡುವುದು ಯಾರನ್ನು ಎಂಬ ವ್ಯತ್ಯಾಸ ಮದುವೆಯಾದ ಗಂಡಸಿಗೆ ತಿಳಿದಿರಬೇಕಿತ್ತು. ಆದರೆ ಇಲಾಖೆ ಅದನ್ನು ಕಲಿಸಿರಲಿಲ್ಲ.

ಇಂಥ ಕಾರಿನ ರಬ್ಬರ್ ವಾಷರು, ಪಂಪಿನ ಪಟ್ಟಿ, ಬ್ರೇಕಿನ ಬಟ್ಟಲು ಇವೆಲ್ಲ ಸಿಗುತ್ತಿದ್ದದ್ದು ಇಂಗ್ಲೆಂಡಿನ ಒಂದು ಸಣ್ಣ ಅಂಗಡಿಯಲ್ಲಿ, ಅಂಚೆಯ ಮೂಲಕ. ಹದಿನಾಲ್ಕು ವರ್ಷದ ಹಿಂದೆ ಆ ಅಂಗಡಿಯ ಮುದುಕ ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ. ಮುಚ್ಚುವ ಮೊದಲು ಉಳಿದ ಸಾಮಾನನ್ನು ಏಳು ಪಾಲು ಮಾಡಿ, ತನ್ನ ಬಳಿ ಇನ್ನೂ ಬರುತ್ತಿದ್ದ ಏಳು ಗಿರಾಕಿಗಳಿಗೆ ಒಂದೊಂದು ಪಾರ್ಸೆಲ್ ಕಳಿಸಿದ. ಒಳಗೊಂದು ಚೀಟಿ: ಏಳೂ ಜನರ ವಿಳಾಸ, ಅದರ ಕೆಳಗೆ, ಇನ್ನು ನೀವೇ ಒಬ್ಬರಿಗೊಬ್ಬರು ಆಗಬೇಕು ಎಂಬ ಒಂದು ಸಾಲು. ಹಾಗೆ ಹುಟ್ಟಿತು ಏಳು ಜನರ ಬಳಗ. ಇಂಗ್ಲೆಂಡಿನಲ್ಲಿ ಒಬ್ಬ ದಂತವೈದ್ಯರು, ಜರ್ಮನಿಯಲ್ಲಿ ಬ್ರೆಡ್ಡು ಸುಡುವವನು, ಜಪಾನಿನಲ್ಲಿ ಶಾಲೆಯ ಸಂಗೀತದ ಮೇಷ್ಟ್ರು, ಸ್ವಿಟ್ಜರ್ಲೆಂಡಿನಲ್ಲಿ ರೈಲಿನ ಡ್ರೈವರು, ಆಸ್ಟ್ರೇಲಿಯಾದಲ್ಲಿ ಮನೆಮನೆಗೆ ಅಂಚೆ ಹಂಚುವ ಹೆಂಗಸು, ಪೋರ್ಚುಗಲ್ಲಿನಲ್ಲಿ ಒಬ್ಬ ಕ್ಷೌರಿಕ, ಮತ್ತೆ ನಮ್ಮ ಮಾಮ. ಯಾರೂ ಯಾರ ಮುಖವನ್ನೂ ನೋಡಿದವರಲ್ಲ. ನೋಡಿದ್ದು ಕಾರಿನ ಫೋಟೋ ಮಾತ್ರ.

ಹಳೆಯ ಕಾರು ಸಾಕುವವರು ಇಬ್ಬರು ಸೇರಿದರೆ ಮೊದಲು ಬರುವ ಮಾತು ಖರ್ಚಿನದು. ಇವರಿಗೂ ಬಂತು. ಆದರೆ ಯಾರ ಹಣ ಯಾರ ಹಣದ ಜೊತೆ ತೂಗಬೇಕು? ಆಗ ಬ್ರೆಡ್ಡಿನವನು ಬರೆದ ಕಾಗದ ಎಲ್ಲರಿಗೂ ಹಿಡಿಸಿತು. ಹಣದ ಮಾತು ಬಿಡಿ, ಈ ಕಾರು ಒಂದು ವರ್ಷ ಓಡಬೇಕಾದರೆ ನಾನು ಮೂವತ್ತೊಂದು ದಿನ ಬೆಳಕು ಹರಿಯುವ ಮೊದಲು ಎದ್ದು ಹಿಟ್ಟು ನಾದಬೇಕು, ನೀವು ಎಷ್ಟು ದಿನ ದುಡಿಯಬೇಕು ಹೇಳಿ, ಎಂದು ಅವನು ಕೇಳಿದ್ದ. ಅಂದಿನಿಂದ ಬಳಗದ ಲೆಕ್ಕ ದಿನಗಳಲ್ಲಿ. ವರ್ಷದ ಕೊನೆಗೆ ಪ್ರತಿಯೊಬ್ಬರೂ ತಮ್ಮ ಸಾಲು ತುಂಬಿ ಇಂಗ್ಲೆಂಡಿಗೆ ಕಳಿಸಬೇಕು: ತೆರಿಗೆಗೆ ಎಷ್ಟು ದಿನ, ವಿಮೆಗೆ ಎಷ್ಟು, ಪೆಟ್ರೋಲಿಗೆ, ಬಿಡಿಭಾಗಕ್ಕೆ, ನಿಲ್ಲಿಸುವ ಜಾಗಕ್ಕೆ, ಕೆಲಸದ ಕೂಲಿಗೆ. ದಂತವೈದ್ಯರ ಮನೆಯಲ್ಲಿ ಏಳೂ ಸಾಲು ಸೇರಿ ಟೈಪಾಗಿ, ಒಂದೊಂದು ಹಾಳೆ ಮನೆಮನೆಗೆ ಬರುತ್ತಿತ್ತು.

ಆ ಹಾಳೆ ಓದುವುದೇ ಒಂದು ಸುಖ. ಇಂಗ್ಲೆಂಡಿನಲ್ಲಿ ನಲವತ್ತು ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆಯೇ ಇಲ್ಲ, ಆದ್ದರಿಂದ ದಂತವೈದ್ಯರದು ಹದಿನಾಲ್ಕು ದಿನ. ಅವರ ಒಂದು ದಿನವೆಂದರೆ ಎಷ್ಟು ಜನರ ಹಲ್ಲು ಎಂಬುದು ಬೇರೆ ಮಾತು. ಜರ್ಮನಿಯಲ್ಲಿ ಮೂವತ್ತು ದಾಟಿದ ಕಾರನ್ನು ಪರೀಕ್ಷಿಸಿ ನಂಬರಿನ ಕೊನೆಗೆ ಒಂದು ವಿಶೇಷ ಅಕ್ಷರ ಕೊಡುತ್ತಾರೆ, ಆಮೇಲೆ ತೆರಿಗೆ ಎಲ್ಲರಿಗೂ ಒಂದೇ. ಜಪಾನಿನಲ್ಲಿ ಇದಕ್ಕೆ ಪೂರಾ ತಿರುಗುಮುರುಗು: ಕಾರಿಗೆ ಹದಿಮೂರು ತುಂಬಿದರೆ ತೆರಿಗೆ ಏರುತ್ತದೆ, ಮೇಲೆ ಎರಡು ವರ್ಷಕ್ಕೊಮ್ಮೆ ತಪಾಸಣೆ, ಪಾಪದ ಮೇಷ್ಟ್ರಿಗೆ ನಲವತ್ತನಾಲ್ಕು ದಿನ ಪಾಠ ಹೇಳಿದರೂ ಸಾಲದು. ಆಸ್ಟ್ರೇಲಿಯಾದ ಆಕೆಗೆ ಅವಳ ರಾಜ್ಯದವರು ಒಂದು ಪುಸ್ತಕ ಕೊಟ್ಟಿದ್ದಾರೆ. ಕಾರು ಹೊರಗೆ ತೆಗೆದ ಪ್ರತಿ ದಿನ ಅದರಲ್ಲಿ ಬರೆಯಬೇಕು, ವರ್ಷಕ್ಕೆ ಗೊತ್ತುಮಾಡಿದಷ್ಟೇ ದಿನ. ಅವಳದು ಇಪ್ಪತ್ತೆರಡು. ಸ್ವಿಟ್ಜರ್ಲೆಂಡಿನ ರೈಲಿನವನಿಗೆ ತೆರಿಗೆಯ ಚಿಂತೆಗಿಂತ ಮೆಕ್ಯಾನಿಕ್ಕಿನ ಗಂಟೆಯ ಕೂಲಿಯ ಚಿಂತೆ. ಅವನದು ಐವತ್ತೆರಡು, ಎಲ್ಲರಿಗಿಂತ ಹೆಚ್ಚು. ಕ್ಷೌರಿಕನದು ಹನ್ನೆರಡು. ಮಾಮನದು ಒಂಬತ್ತು.

ಒಂದು ವರ್ಷ ಬಿಟ್ಟರೆ ಹದಿನಾಲ್ಕು ವರ್ಷವೂ ಒಂಬತ್ತು. ಒಮ್ಮೆ ಟೈರು ಹಾಕಿಸಿದ ವರ್ಷ ಹನ್ನೊಂದಾಗಿ ಮಾಮ ಊಟ ಬಿಟ್ಟಿದ್ದರು. ಹಾಳೆಯ ಅಡಿಯಲ್ಲಿ ದಂತವೈದ್ಯರು ಪ್ರತಿ ಸಲವೂ ಒಂದು ತಮಾಷೆ ಸೇರಿಸುತ್ತಿದ್ದರು: ಈ ವರ್ಷವೂ ಜಗತ್ತಿನಲ್ಲೇ ಅಗ್ಗ ನಮ್ಮ ಮೀಟರಿನ ಗೆಳೆಯರದು, ಎಲ್ಲರೂ ಗಂಟುಮೂಟೆ ಕಟ್ಟಿ ಅವರ ಊರಿಗೆ ಹೋಗಿ ನೆಲೆಸೋಣ. ಈ ವಾಕ್ಯವನ್ನು ಮಾಮ ಅಂಚೆ ಕಚೇರಿಯ ಗುಮಾಸ್ತನಿಗೆ ಓದಿ ಹೇಳಿದ್ದಾರೆ, ತಲೆ ಬೋಳಿಸುವವನಿಗೆ ಹೇಳಿದ್ದಾರೆ, ಸಕ್ಕರೆ ಕಾಯಿಲೆಗೆ ರಕ್ತ ತೆಗೆಯುವ ಹುಡುಗಿಗೂ ಹೇಳಿದ್ದಾರೆ. ಜಗತ್ತಿನಲ್ಲೇ ಅಗ್ಗ. ಮೂವತ್ತಮೂರು ವರ್ಷದ ಕೆಲಸಕ್ಕೆ ಇಲಾಖೆ ಒಂದು ಗೋಡೆ ಗಡಿಯಾರ ಕೊಟ್ಟು ಕೈ ತೊಳೆದುಕೊಂಡಿತ್ತು. ಈ ಒಂಬತ್ತು ಮಾತ್ರ ಅವರೇ ಗಳಿಸಿದ್ದು.

ಒಂಬತ್ತರ ಗುಟ್ಟು ಕೊನೆಯ ಕಾಲಮ್ಮಿನಲ್ಲಿತ್ತು. ಕೆಲಸದ ಕೂಲಿ ಎಂಬಲ್ಲಿ ಮಾಮ ಪ್ರತಿ ವರ್ಷ ಒಂದು ದುಂಡನೆಯ ಸೊನ್ನೆ ಬರೆಯುತ್ತಿದ್ದರು. ಯಾರಿಗೂ ಕೂಲಿ ಕೊಟ್ಟಿಲ್ಲ, ಎಲ್ಲ ಮನೆಯಲ್ಲೇ, ಮತ್ತೇನು ಬರೆಯಬೇಕು?

ಮನೆಯಲ್ಲೇ ಎಂದರೆ ಹೀಗೆ. ಭಾನುವಾರ ಬೆಳಿಗ್ಗೆ ಚಹಾ ಮುಗಿದ ಮೇಲೆ ಮಾಮ ನಾಲ್ಕು ಗಾಲಿಯ ಹಲಗೆಯ ಮೇಲೆ ಅಂಗಾತ ಮಲಗಿ ಕಾರಿನ ಕೆಳಗೆ ಜಾರುವರು. "ಇವಳೇ" ಎಂದು ಒಂದು ಕೂಗು. ಅತ್ತೆ ಯಂತ್ರ ನಿಲ್ಲಿಸಿ, ಹಲ್ಲಿನಲ್ಲಿ ಕಚ್ಚಿದ ಸೂಜಿಯನ್ನು ದಿಂಬಿಗೆ ಚುಚ್ಚಿ, ಹೊರಗೆ ಬಂದು ದೀಪ ಹಿಡಿಯುವರು. ನಟ್ಟು ಬಿಚ್ಚಲು ಕೇಳಿದ ಪಾನಾ ಕೊಡುವರು. ಕೇಳುವ ಮೊದಲೇ ಕೊಟ್ಟರೂ ಮಾಮನ ಗಮನಕ್ಕೆ ಬರುತ್ತಿರಲಿಲ್ಲ. ಬ್ರೇಕಿನ ಕೆಲಸವಿದ್ದ ದಿನ ಇನ್ನೂ ಹೆಚ್ಚು. ಬ್ರೇಕಿನ ಎಣ್ಣೆಯ ಕೊಳವೆಯಲ್ಲಿ ಗಾಳಿ ಸೇರಿದರೆ ಪೆಡಲು ಮೆತ್ತಗಾಗುತ್ತದೆ. ಆ ಗಾಳಿ ತೆಗೆಯುವುದು ಒಬ್ಬರ ಕೈಲಿ ಆಗುವ ಕೆಲಸವಲ್ಲ. ಒಬ್ಬರು ಮೇಲೆ ಕೂತು ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಚಕ್ರದ ಹತ್ತಿರ ಒಂದು ಸಣ್ಣ ತಿರುಪು ಸಡಿಲಿಸಿ, ಗುಳ್ಳೆಗಳು ಹೊರಬಂದ ಮೇಲೆ ಬಿಗಿಯಬೇಕು. ಬಿಗಿಯುವ ಮೊದಲು ಮೇಲಿನವರು ಕಾಲು ತೆಗೆದರೋ, ಹೋದ ಗಾಳಿಯೆಲ್ಲ ವಾಪಸು, ಮಾಡಿದ ಕೆಲಸವೆಲ್ಲ ಹೊಳೆಯ ಪಾಲು. "ಒತ್ತು. ಹಿಡಿ. ಬಿಡು." ಮೂರು ಮಾತು, ನಾಲ್ಕು ಚಕ್ರ, ಚಕ್ರಕ್ಕೆ ಹತ್ತು ಹದಿನೈದು ಸಲ. ನಡುವೆ ಎಲ್ಲೋ ಒಮ್ಮೆ ಅತ್ತೆಯ ಕಾಲು ಜಾರಿದರೆ ಕೆಳಗಿನಿಂದ ಬೈಗುಳ. ಸೀಟು ಹೊಲಿದದ್ದು ಅತ್ತೆ, ಮೂರು ಸಲ. ಒಳಚಾವಣಿಯ ಬಟ್ಟೆ, ಬಾಗಿಲಿನ ಅಂಚಿನ ಪಟ್ಟಿ, ಬಿಸಿಲುಮರೆಯ ಹೊದಿಕೆ ಎಲ್ಲ ಅವರ ಯಂತ್ರದ ಕೆಳಗೆ ಹಾದುಹೋದವು. ಅದೇ ಕಾರಿನಲ್ಲಿ ಆಸ್ಪತ್ರೆಯಿಂದ ಮಗಳನ್ನು ಎತ್ತಿಕೊಂಡು ಬಂದರು. ಅದೇ ಕಾರಿನಲ್ಲಿ ಆ ಮಗಳನ್ನು ಗಂಡನ ಮನೆಗೆ ಬಿಟ್ಟು ಬಂದರು.

ಹೋದ ವರ್ಷದ ಮೊದಲಿಗೆ ಬಂದ ಹಾಳೆಯ ಜೊತೆ ಒಂದು ಕಾಗದವಿತ್ತು. ಪೋರ್ಚುಗಲ್ಲಿನ ಕ್ಷೌರಿಕ ತೀರಿಕೊಂಡಿದ್ದ. ಬರೆದವಳು ಅವನ ಹೆಂಡತಿ. ಮಾಮ ಪ್ರತಿ ವರ್ಷದ ಹಾಗೆ ಹಾಳೆಯನ್ನೂ ಕಾಗದವನ್ನೂ ಹೊಲಿಗೆಯ ಕೋಣೆಯಲ್ಲಿ ಕೂತು ಗಟ್ಟಿಯಾಗಿ ಓದಿ, ಅರ್ಥ ಹೇಳುತ್ತ ಹೋದರು. ಮಧ್ಯದಲ್ಲಿ ಆಕೆ ಹೀಗೆ ಬರೆದಿದ್ದಳು: ನನ್ನ ಗಂಡ ಪ್ರತಿ ವರ್ಷ ಹನ್ನೆರಡು ದಿನ ಎಂದು ಬರೆದಿದ್ದಾರೆ. ಅವರು ಕೆಲಸ ಮಾಡುವಾಗ ದೀಪ ಹಿಡಿದವಳು ನಾನು. ನನ್ನ ದಿನಗಳು ಯಾವ ಕಾಲಮ್ಮಿನಲ್ಲಿವೆ ಎಂದು ಹುಡುಕಿದೆ, ಸಿಗಲಿಲ್ಲ. ನಿಮ್ಮ ದೇಶಗಳಲ್ಲಿ ಅದನ್ನು ಎಲ್ಲಿ ಬರೆಯುತ್ತಾರೆ, ದಯವಿಟ್ಟು ತಿಳಿಸಿ.

ಹೊಲಿಗೆ ಯಂತ್ರ ಒಂದು ಗಳಿಗೆ ನಿಂತಿತು. ಮತ್ತೆ ಓಡತೊಡಗಿತು.

ಪಾಪ, ದುಃಖದಲ್ಲಿ ಏನೇನೋ ಬರೆದಿದ್ದಾಳೆ ಎಂದು ಮಾಮ ಕಾಗದ ಮಡಚಿದರು. ಹಾಳೆಯ ಅಡಿಯಲ್ಲಿ ದಂತವೈದ್ಯರ ತಮಾಷೆ ಇತ್ತು, ಅದನ್ನು ಎರಡು ಸಲ ಓದಿದರು.

ಭುಜ ಕೈಕೊಟ್ಟಿದ್ದು ಅದಾಗಿ ನಾಲ್ಕು ತಿಂಗಳಿಗೆ. ಮೊದಲು ಅಂಗಿ ತೊಡುವಾಗ ಸಣ್ಣ ನೋವು, ಆಮೇಲೆ ಕಪಾಟಿನ ಮೇಲಿನ ಡಬ್ಬಿ ಎಟುಕದು, ಕೊನೆಗೆ ಬಲಗೈ ಕಿವಿಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ವೈದ್ಯರು ಎತ್ತಿ ಇಳಿಸಿ ನೋಡಿ, ಇನ್ನು ತಲೆಯ ಮೇಲಕ್ಕೆ ಕೈ ಚಾಚುವ ಕೆಲಸ ಮಾಡಕೂಡದು ಎಂದರು. ಕಾರಿನ ಕೆಳಗೆ ಅಂಗಾತ ಮಲಗಿದವನಿಗೆ ಎಲ್ಲ ಕೆಲಸವೂ ತಲೆಯ ಮೇಲಿನದೇ. ಮಾಮ ಅದನ್ನು ವೈದ್ಯರಿಗೆ ಹೇಳಲಿಲ್ಲ. ಮನೆಗೆ ಬಂದು ಹಲಗೆಯ ಮೇಲೆ ಮಲಗಿ, ಒಳಗೆ ಜಾರಿ, ಕೈ ಎತ್ತಿ ನೋಡಿದರು. ಪಾನಾ ಎದೆಯ ಮೇಲೆ ಬಿತ್ತು.

ಬೇರೆ ದಾರಿ ಕಾಣದೆ ಮುಖ್ಯರಸ್ತೆಯ ಗ್ಯಾರೇಜಿಗೆ ಹೋದರು. ಗ್ಯಾರೇಜಿನ ಯಜಮಾನ ಹಳೆಯ ಪರಿಚಯದವನು, ಒಳ್ಳೆಯವನು, ಆದರೆ ಅವನೂ ಬಾಡಿಗೆ ಕಟ್ಟಬೇಕು. ವರ್ಷಕ್ಕೆ ನೀವು ಏನೇನು ಮಾಡುತ್ತಿದ್ದಿರಿ ಎಲ್ಲ ಹೇಳಿ ಎಂದ. ಮಾಮ ಹೇಳಿದರು. ಅವನು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬರೆದುಕೊಂಡು ಹೋದ. ಕೊನೆಗೆ ತೋರಿಸಿದ ಮೊತ್ತದಲ್ಲಿ ಇಬ್ಬರ ಕೂಲಿ ಇತ್ತು. ಒಬ್ಬ ಸಾಕಾಗುವುದಿಲ್ಲವೇ ಎಂದು ಮಾಮ ಕೇಳಿದರು.

"ಬ್ರೇಕಿಗೆ ಇಬ್ಬರು ಬೇಕೇ ಬೇಕಲ್ಲ ಮಾಮ. ಇಷ್ಟು ವರ್ಷ ಪೆಡಲ್ ಯಾರು ಒತ್ತುತ್ತಾ ಇದ್ರು ನಿಮಗೆ?"

"ಮನೆಯವಳು."

"ಹಂಗಾದ್ರೆ ಆಯಮ್ಮನ್ನ ನನ್ನ ಗ್ಯಾರೇಜಿಗೆ ಕಳಿಸಿ" ಎಂದು ಅವನು ನಕ್ಕ. ಮಾಮ ನಗಲಿಲ್ಲ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಆ ಮೊತ್ತವನ್ನು ಒಂದು ದಿನದ ಪಿಂಚಣಿಯಿಂದ ಭಾಗಿಸುತ್ತ ನಡೆದರು. ಐವತ್ತೆರಡು ದಿನ. ಒಂಬತ್ತು ಸೇರಿಸಿದರೆ ಅರವತ್ತೊಂದು. ಸ್ವಿಟ್ಜರ್ಲೆಂಡಿನವನನ್ನೂ ಹಿಂದೆ ಹಾಕಿದ ಹಾಗಾಯಿತು. ಪಿಂಚಣಿಯಲ್ಲಿ ವರ್ಷದ ಎರಡು ತಿಂಗಳು ಒಂದು ಹಳೆಯ ಕಾರಿನ ಬಾಯಿಗೆ. ಆಗದ ಮಾತು.

ಮಾರಬೇಕು ಎಂದು ಅವರು ತೀರ್ಮಾನ ಮಾಡಿದ್ದು ಬೀದಿಯ ತಿರುವಿನಲ್ಲಿ. ಮನೆ ತಲುಪುವಷ್ಟರಲ್ಲಿ ಅದಕ್ಕೆ ಸಮಾಧಾನವೂ ಸಿಕ್ಕಿತ್ತು: ಅವಳಿಗಾದರೂ ನಿರಾಳವಾಗುತ್ತದೆ, ಮೂವತ್ತೊಂದು ವರ್ಷದಿಂದ ನಾದಿನಿಯ ಕಾಟ ತಡೆದುಕೊಂಡಿದ್ದಾಳೆ. ರಾತ್ರಿಯ ಊಟಕ್ಕೆ ಕೂತಾಗ ಹೇಳಿದರು. ಅತ್ತೆ ತಟ್ಟೆ ನೋಡುತ್ತ, "ನಿಮ್ಮ ಇಷ್ಟ" ಎಂದರು. ನಿಮ್ಮ ಇಷ್ಟ ಎಂಬ ಮಾತಿಗೆ ಸಂಸಾರದಲ್ಲಿ ಏನರ್ಥ ಎಂದು ಗೊತ್ತಿಲ್ಲದ ಗಂಡಸರು ಇನ್ನೂ ಇದ್ದಾರೆ. ಮಾಮ ಅದನ್ನು ಒಪ್ಪಿಗೆ ಎಂದು ತಿಳಿದು ಮಗಳಿಗೆ ಫೋನು ಮಾಡಿದರು. ಅಮ್ಮನನ್ನು ಸರಿಯಾಗಿ ಕೇಳಿದಿರಾ ಅಪ್ಪ ಎಂದು ಅವಳು ಎರಡು ಸಲ ಕೇಳಿದಳು. ಕೇಳಿದೆ ಎಂದರು.

ಗಿರಾಕಿ ಬೇಗನೆ ಸಿಕ್ಕಿದ. ಪೇಟೆಯಲ್ಲಿ ಹೊಸ ಹೋಟೆಲು ಕಟ್ಟಿಸುತ್ತಿದ್ದ ಒಬ್ಬರಿಗೆ ಮುಂಬಾಗಿಲ ಹತ್ತಿರ ನಿಲ್ಲಿಸಲು ಹಳೆಯ ಕಾರೊಂದು ಬೇಕಿತ್ತು. ಮೃದುವಾಗಿ ಮಾತಾಡುವ ಮನುಷ್ಯ, ಹಣದಲ್ಲಿ ಜಿಪುಣತನ ಮಾಡಲಿಲ್ಲ. ಕಾರನ್ನು ಗಾಜಿನ ಕೋಣೆಯಲ್ಲಿ ಇಡುವುದು, ದಿನಾ ಒರೆಸಲು ಒಬ್ಬನನ್ನು ಇಡುವುದು, ಎಣ್ಣೆ ನೆಲಕ್ಕೆ ಸೋರದಂತೆ ಎಂಜಿನ್ನನ್ನು ತೆಗೆಸಿಬಿಡುವುದು ಎಂದು ವಿವರಿಸಿದರು. ಎಂಜಿನ್ ತೆಗೆಸುವ ಮಾತಿಗೆ ಮಾಮ ಕಾರಿನ ಮುಚ್ಚಳದ ಮೇಲೆ ಕೈಯಿಟ್ಟರು. ಆದರೂ ಆಗಲಿ ಎಂದರು. ಶನಿವಾರ ಬಂದು ಒಯ್ಯುವುದೆಂದು ನಿಶ್ಚಯವಾಯಿತು.

ಆ ವಾರವೆಲ್ಲ ಮಾಮ ಮನೆಯೊಳಗೆ ನಿಲ್ಲಲಿಲ್ಲ, ಹೊರಗೂ ನಿಲ್ಲಲಿಲ್ಲ. ದುಂಡು ದೀಪಗಳನ್ನು ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು. ವರ್ಷದ ಕೊನೆಯಾದ್ದರಿಂದ ಇಂಗ್ಲೆಂಡಿಗೆ ಕಳಿಸಬೇಕಾದ ಸಾಲು ಮೇಜಿನ ಮೇಲೆ ಖಾಲಿ ಬಿದ್ದಿತ್ತು. ಕಾರೇ ಇಲ್ಲದವನು ಸಾಲು ತುಂಬುವುದು ಹೇಗೆ? ಕ್ಷೌರಿಕ ಹೋಗಿ ಆರಾದ ಬಳಗ ಐದಕ್ಕೆ ಇಳಿಯುತ್ತದೆ ಎಂದು ಬರೆಯಲು ಕೂತರೆ ಪೆನ್ನು ಮುಂದೆ ಹೋಗಲಿಲ್ಲ. ಒಳಗೆ ಅತ್ತೆಯ ಯಂತ್ರ ಬಿಡುವಿಲ್ಲದೆ ಓಡುತ್ತಿತ್ತು. ಯಾರದೋ ಅರ್ಜೆಂಟು ಬಟ್ಟೆ ಎಂದುಕೊಂಡರು.

ಶನಿವಾರ ಹತ್ತಕ್ಕೆ ಹೋಟೆಲಿನವರು ಬಂದರು. ಹಿಂದೆ ಕಾರು ಹೊರುವ ಲಾರಿ. ಅಂಗಳದಲ್ಲಿ ಕುರ್ಚಿ ಹಾಕಿ, ಚಹಾ ಕೊಟ್ಟು, ಮಾಮ ಕಾಗದಪತ್ರ ತರಲು ಎದ್ದರು. ಅತ್ತೆ ಲೋಟ ತೆಗೆದುಕೊಳ್ಳಲು ಬಂದವರು ಹೋಗದೆ ನಿಂತರು. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು.

"ಪೂರಾ ಗಾಡಿ ತಗೊಂಡು ಹೋಗ್ತೀರಾ?" ಎಂದು ಕೇಳಿದರು.

ಹೌದಮ್ಮಾ ಎಂದರು ಹೋಟೆಲಿನವರು, ಅರ್ಥವಾಗದೆ.

"ಅದರಲ್ಲಿ ಅರ್ಧ ನಂದು. ನನ್ನ ಅರ್ಧ ನಾನು ಮಾರಲ್ಲ. ಅವರ ಅರ್ಧ ಬೇಕಿದ್ರೆ ತಗೊಂಡು ಹೋಗಿ."

ಲಾರಿಯವನು ಕಾರಿನ ಮುಂಭಾಗ ನೋಡಿದ, ಹಿಂಭಾಗ ನೋಡಿದ. ಹೋಟೆಲಿನವರು ನಕ್ಕು, ಕಾಗದದಲ್ಲಿ ಯಜಮಾನರ ಹೆಸರು ಒಂದೇ ಇದೆಯಲ್ಲಮ್ಮಾ ಎಂದು ಮೆಲ್ಲಗೆ ಹೇಳಿದರು.

"ಕಾಗದದಲ್ಲಿ ಇರಲ್ಲ ಅಂತ ನನಗೂ ಗೊತ್ತು" ಎಂದರು ಅತ್ತೆ. ದನಿ ಏರಲಿಲ್ಲ. ಗಂಡನ ಕಡೆ ತಿರುಗಿದರು. "ಆ ತೀರಿಕೊಂಡವರ ಹೆಂಡತಿ ಒಂದು ಮಾತು ಕೇಳಿದ್ಲು. ನೀವು ಉತ್ತರ ಬರೀಲೇ ಇಲ್ಲ. ಹತ್ತು ತಿಂಗಳು ಕಾದೆ ರೀ ನಾನು. ಬರೀತೀರೇನೋ ಅಂತ."

ಮಾಮ ಕೈಯಲ್ಲಿ ಕಾಗದಪತ್ರದ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಅಂಗಳದ ಹಗ್ಗದ ಮೇಲೆ, ಕಾರಿನ ಒರೆಸುವ ಬಟ್ಟೆಗಳು ಸಾಲಾಗಿ ಒಣಗುತ್ತಿದ್ದವು. ಅಷ್ಟೂ ಒಗೆದದ್ದು ಅವಳು. ಪ್ರತಿ ವಾರ, ಮೂವತ್ತೊಂದು ವರ್ಷ. ಬೇರೆಯವರ ಮನೆಯ ಹಗ್ಗ ನೋಡಿ ಮೀಟರ್ ನಿಂತಿದೆ ಎಂದು ಹೇಳಬಲ್ಲವರಿಗೆ ತಮ್ಮದೇ ಹಗ್ಗ ಈಗ ಕಣ್ಣಿಗೆ ಬಿತ್ತು. ಕೊನೆಯ ಕಾಲಮ್ಮಿನ ಹದಿನಾಲ್ಕು ಸೊನ್ನೆಗಳೂ ಒಟ್ಟಿಗೆ ನೆನಪಾದವು. ನಾಚಿಕೆಯಾಯಿತು. ಅರವತ್ತಾರನೆಯ ವಯಸ್ಸಿನಲ್ಲಿ, ಪರರ ಎದುರಿಗೆ, ಕಿವಿಯವರೆಗೆ ಬಿಸಿಯಾಗುವಷ್ಟು ನಾಚಿಕೆ. ಈ ಕಾರು ಎಂದೂ ಒಂಬತ್ತು ದಿನದ್ದಾಗಿರಲಿಲ್ಲ. ಮೊದಲಿನಿಂದಲೂ ಅರವತ್ತೊಂದೇ.

ಅವರು ಹೋಟೆಲಿನವರ ಹತ್ತಿರ ಕೈಮುಗಿದು ಕ್ಷಮೆ ಕೇಳಿದರು. ಕೊಟ್ಟ ಮಾತಿಗೆ ತಪ್ಪಿದ್ದು ಇದೇ ಮೊದಲು, ಆದರೆ ಇನ್ನೊಬ್ಬರ ವಸ್ತುವಿಗೆ ಮಾತು ಕೊಟ್ಟದ್ದೇ ತಪ್ಪಾಗಿತ್ತು ಎಂದರು. ಹೋಟೆಲಿನವರು ಬೇಸರಪಟ್ಟುಕೊಳ್ಳಲಿಲ್ಲ. ಚಹಾ ಚೆನ್ನಾಗಿತ್ತು ಎಂದು ಎದ್ದರು. ಲಾರಿಯ ಬಾಡಿಗೆಯನ್ನು ಮಾಮ ಹಟ ಹಿಡಿದು ತಾವೇ ಕೊಟ್ಟರು.

ಸಂಜೆ ಖಾಲಿ ಸಾಲು ಮುಂದಿಟ್ಟುಕೊಂಡು ಇಬ್ಬರೂ ಕೂತರು. ಇಲಾಖೆಯಲ್ಲಿ ನಿಂತ ಮೀಟರು ಸಿಕ್ಕಿದರೆ ಹಿಂದಿನ ಬಳಕೆಯ ಸರಾಸರಿ ಹಿಡಿದು ಬರೆಯುವ ಪದ್ಧತಿ ಇತ್ತು. ಇಲ್ಲಿ ಸರಾಸರಿ ಹಿಡಿಯಲು ಹಿಂದಿನ ಅಂಕಿಯೇ ಇಲ್ಲ. ವರ್ಷಕ್ಕೆ ಎಷ್ಟು ದಿನ ಕೊಟ್ಟಿರಬಹುದು ನೀನು ಎಂದು ಮಾಮ ಕೇಳಿದರೆ, ನಾನೇನು ಬರೆದಿಟ್ಟಿದ್ದೀನಾ, ಏನೋ ಒಂದು ಹಾಕಿ ಎಂದರು ಅತ್ತೆ. ಏನೋ ಒಂದು ಹಾಕುವುದು ಮಾಮನ ಜಾಯಮಾನದಲ್ಲಿ ಇಲ್ಲ. ಕೊನೆಗೆ ಗ್ಯಾರೇಜಿನವನ ಲೆಕ್ಕವನ್ನೇ ಹಿಡಿದರು. ಕೂಲಿಯ ಕಾಲಮ್ಮಿನಲ್ಲಿ ಐವತ್ತೆರಡು, ಅದರ ಕೆಳಗೆ ಒಂದು ಟಿಪ್ಪಣಿ: ಇದರಲ್ಲಿ ಅರ್ಧ ನನ್ನ ಹೆಂಡತಿಯದು, ಸೀಟಿನ ಹೊಲಿಗೆ ಸೇರಿಲ್ಲ, ಹಿಂದಿನ ಹದಿನಾಲ್ಕು ವರ್ಷಗಳ ಅಂಕಿ ತಪ್ಪು, ಮೀಟರ್ ನಿಂತಿತ್ತು. ಪೋರ್ಚುಗಲ್ಲಿಗೆ ಬೇರೆ ಕಾಗದ ಬರೆದರು. ಅದರಲ್ಲಿ ಏನಿತ್ತು ಎಂದು ಅತ್ತೆಗೆ ಮಾತ್ರ ಗೊತ್ತು.

ಸೇರಿಸಿದ ಹಾಳೆ ಈ ಸಲ ಎರಡು ತಿಂಗಳು ತಡವಾಗಿ ಬಂತು. ಮಾಮನ ಟಿಪ್ಪಣಿ ಎಲ್ಲರಿಗೂ ಹೋಗಿ, ಎಲ್ಲರೂ ತಮ್ಮ ಸಾಲನ್ನು ವಾಪಸು ತರಿಸಿಕೊಂಡು ತಿದ್ದಿದ್ದರಂತೆ. ಯಾರ ಅಂಕಿಯೂ ಹಳೆಯದಲ್ಲ. ಬ್ರೆಡ್ಡಿನವನದು ಐವತ್ತರ ಹತ್ತಿರ. ಮೇಷ್ಟ್ರದು ಅರವತ್ತು ಮುಟ್ಟಿತ್ತು. ಜಗತ್ತಿನಲ್ಲೇ ದುಬಾರಿ ನಮ್ಮ ಮಾಮನದೇ. ಅಡಿಯಲ್ಲಿ ದಂತವೈದ್ಯರ ತಮಾಷೆ ಇರಲಿಲ್ಲ. ಅದರ ಜಾಗದಲ್ಲಿ ಶಾಯಿಯಲ್ಲಿ, ಹೆಂಗಸಿನ ಕೈಬರಹದಲ್ಲಿ ಒಂದೇ ಸಾಲು: ಈ ಹಾಳೆ ಟೈಪ್ ಮಾಡುವವಳು ನಾನು, ಹದಿನಾಲ್ಕು ವರ್ಷದಿಂದ.

ಮಾಮ ಅದನ್ನು ಓದಿ ಅರ್ಥ ಹೇಳಿದಾಗ ಅತ್ತೆ ಯಂತ್ರ ನಿಲ್ಲಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮರುದಿನ ಭಾನುವಾರ. ಬ್ರೇಕು ಮೆತ್ತಗಾಗಿ ವಾರವಾಗಿತ್ತು. ಚಹಾ ಮುಗಿದ ಮೇಲೆ ಅತ್ತೆ ಒಳಗೆ ಹೋಗಿ, ಮಾಮನ ಹಳೆಯ ನೀಲಿ ಯೂನಿಫಾರ್ಮು ತೊಟ್ಟು ಹೊರಗೆ ಬಂದರು. ಸೊಂಟ ಹಿಡಿಸಿ, ಕಾಲು ಮೊಟಕು ಮಾಡಿ, ಮಂಡಿಗೆ ಎರಡು ಪದರ ಬಟ್ಟೆ ಕೊಟ್ಟು ಹೊಲಿದದ್ದು. ಹೋಟೆಲಿನವರು ಬರುವ ವಾರ ಬಿಡುವಿಲ್ಲದೆ ಓಡಿದ ಯಂತ್ರದ ಅರ್ಜೆಂಟು ಬಟ್ಟೆ ಯಾವುದು ಎಂದು ಮಾಮನಿಗೆ ಆಗ ತಿಳಿಯಿತು. ಈ ವಯಸ್ಸಿನಲ್ಲಿ ನೆಲದ ಮೇಲೆ ಮಲಗುವುದು ಬೇಕೇ ಎಂದು ಗೊಣಗಿದರು.

"ನಲವತ್ತು ವರ್ಷ ಬಗ್ಗಿ ಹೊಲಿದೋಳಿಗೆ ಮಲಗಿ ಮಾಡೋ ಕೆಲಸ ಆರಾಮ" ಎಂದು ಅತ್ತೆ ಹಲಗೆಯ ಮೇಲೆ ಒರಗಿ ಕಾರಿನ ಕೆಳಗೆ ಜಾರಿದರು. ಯಾವ ಪಾನಾ ಎಂದು ಕೇಳಲಿಲ್ಲ.

ಮಾಮ ಸೀಟಿನಲ್ಲಿ ಕೂತರು. ಈ ಕೆಲಸಕ್ಕೆ ಅವರು ಮೇಲೆ ಕೂತದ್ದು ಇದೇ ಮೊದಲು. ಇಲ್ಲಿಂದ ಏನೂ ಕಾಣುವುದಿಲ್ಲ. ಎದುರಿಗೆ ಅಂಗಳದ ಗೋಡೆ, ಕೆಳಗಿನಿಂದ ಕಬ್ಬಿಣದ ಸಣ್ಣ ಸದ್ದು, ಅಷ್ಟೆ.

"ಒತ್ತಿ."

ಒತ್ತಿದರು.

"ಹಿಡೀರಿ."

ಹಿಡಿದರು. ಹೊತ್ತು ಹೋಯಿತು. ತೊಡೆ ನಡುಗತೊಡಗಿತು. ಆಯಿತೇ ಎಂದು ಕೇಳಿದರು. ಮಾತಾಡಬೇಡಿ, ಹಿಡೀರಿ ಎಂದು ಕೆಳಗಿನಿಂದ ಉತ್ತರ ಬಂತು. ಕಾಲಿಗೆ ಆನಿಕೆ ಸಿಗಲಿ ಎಂದು ಸ್ವಲ್ಪ ಎಡಕ್ಕೆ ವಾಲಿ ಹಿಮ್ಮಡಿ ಸರಿಸಿದರು. ಹಿಮ್ಮಡಿ ಒಂದು ಕುಳಿಗೆ ಇಳಿಯಿತು.

ಬಗ್ಗಿ ನೋಡಿದರು. ಕೆಳಗಿನ ರಬ್ಬರಿನ ಹಾಸಿನಲ್ಲಿ, ತಾವು ಓಡಿಸುವಾಗ ಕಾಲಿಡುವ ಜಾಗದಲ್ಲಿ ಒಂದು ಸವೆತ. ಅದರ ಪಕ್ಕದಲ್ಲಿ, ಎಡಕ್ಕೆ, ಇನ್ನೊಂದು. ಅದನ್ನು ಅವರು ಎಷ್ಟೋ ಸಲ ನೋಡಿದ್ದರು, ರಬ್ಬರೇ ಸರಿಯಿಲ್ಲ ಎಂದುಕೊಂಡಿದ್ದರು. ಬಟ್ಟಲಿನಷ್ಟು ನುಣುಪಾಗಿ, ತಳದ ತಗಡು ಕಾಣುವವರೆಗೆ ಸವೆದ ಕುಳಿ. ಅವರ ಹಿಮ್ಮಡಿ ಅದರಲ್ಲಿ ಪೂರಾ ಹಿಡಿಸಲಿಲ್ಲ. ಅದು ತಮ್ಮದಕ್ಕಿಂತ ಚಿಕ್ಕ ಹಿಮ್ಮಡಿಯ ಸವೆತ.

ಎಷ್ಟು ದಿನ ಎಂದು ಬರೆದಿಟ್ಟಿಲ್ಲ ಎಂದಿದ್ದಳು ಅವಳು. ಮಾಮ ಮೂವತ್ತಮೂರು ವರ್ಷ ಮೀಟರ್ ಓದಿದವರು, ಇದನ್ನೂ ಓದಿದರು. ಗೋಡೆ ಮಂಜುಮಂಜಾಗಿ ಕಂಡಿತು. ಕಾಲು ಸೋತು ಬರುತ್ತಿತ್ತು. ಅವಳು "ಬಿಡಿ" ಎನ್ನುವವರೆಗೂ ಅವರು ಪೆಡಲಿನಿಂದ ಕಾಲು ತೆಗೆಯಲಿಲ್ಲ.